ಗಂಡನ ಕಾರ್ಡು, ಹೆಂಡತಿಯ ಅಂಕ

ಅಮೆರಿಕದಲ್ಲಿ ಸಾಲ ಮಾಡದವರಿಗೆ ಸಾಲ ಹುಟ್ಟುವುದಿಲ್ಲ. ಇದನ್ನು ಮಾಲೂರಿನ ನಮ್ಮ ಮಾವನವರ ತಲೆಗೆ ಹತ್ತಿಸಲು ನಮ್ಮನೆಯವರಿಗೆ ಇವತ್ತಿಗೂ ಆಗಿಲ್ಲ. ಇಟ್ಟಿಗೆ ಗೂಡು ನಡೆಸಿಯೂ ಯಾರಿಗೂ ನಯಾಪೈಸೆ ಬಾಕಿ ಇಟ್ಟಿಲ್ಲವೆಂದು ಮೀಸೆ ತಿರುವುವ ಅವರು ನ್ಯೂಜೆರ್ಸಿಗೆ ಬಂದರೆ ಒಂದು ಸೋಫಾ ಕೂಡ ಕಂತಿನಲ್ಲಿ ಸಿಕ್ಕುವುದು ಕಷ್ಟ. ಇಲ್ಲಿ ನಂಬಿಕೆಗೆ 300ರಿಂದ 850ರವರೆಗೆ ಅಂಕ. 1989ರಲ್ಲಿ ಬಂದ ಈ ಫೈಕೋ ಸ್ಕೋರಿಗೆ ಸಾಲ ತೆಗೆದು, ತಪ್ಪದೆ ಕಟ್ಟಿ, ಮತ್ತೆ ತೆಗೆಯುವವರೆಂದರೆ ಪ್ರಾಣ.

ಎಚ್-4 ವೀಸಾದಲ್ಲಿ ಗಂಡನ ಹಿಂದೆ ಬಂದಿಳಿಯುವ ನಮ್ಮಂಥವರಿಗೆ ಸೊನ್ನೆಯೂ ಇಲ್ಲ. ಸೊನ್ನೆ ಹಾಕಲಿಕ್ಕಾದರೂ ಒಂದು ಫೈಲು ಬೇಡವೆ! 2015ರಿಂದ ನಮ್ಮಲ್ಲಿ ಕೆಲವರಿಗೆ ಕೆಲಸ ಮಾಡುವ ಅನುಮತಿ ಕೊಡುತ್ತಿದ್ದಾರೆ. ನನಗೂ ಸಿಕ್ಕಿತು. ಸೋಷಿಯಲ್ ಸೆಕ್ಯುರಿಟಿ ನಂಬರು ಬಂತು, ಸಂಬಳ ಬಂತು, ಕ್ರೆಡಿಟ್ ಕಾರ್ಡು ಮಾತ್ರ ಬರಲಿಲ್ಲ. ನಿಮ್ಮ ಸಾಲದ ವಿವರ ಯಾವುದೂ ಸಿಕ್ಕಲಿಲ್ಲವೆಂದು ಬ್ಯಾಂಕು ವಿಷಾದಿಸಿ ಕಾಗದ ಬರೆಯಿತು. ಸಾಲವಿಲ್ಲದ್ದಕ್ಕೆ ಮರುಗಿದ ಬ್ಯಾಂಕನ್ನು ನಾನು ನೋಡಿದ್ದು ಅದೇ ಮೊದಲು.

ಅಸಲಿಗೆ ಕೋಲಾರದ ಕಡೆ ಹೆಂಗಸರಿಗೆ ಸಾಲದ ಪಾಠ ಯಾರೂ ಹೇಳಬೇಕಿಲ್ಲ. ಮೈರಾಡ ಸಂಸ್ಥೆ ಎಂಬತ್ತರ ದಶಕದಲ್ಲೇ ಕಾಮಸಮುದ್ರದ ಸುತ್ತಮುತ್ತ ಉಳಿತಾಯ-ಸಾಲದ ಸಂಘಗಳನ್ನು ಕಟ್ಟಿಸಿತ್ತು. 1992ರಲ್ಲಿ ನಬಾರ್ಡ್ ಇಂಥ ಸಂಘಗಳಿಗೆ ಬ್ಯಾಂಕಿನ ಬಾಗಿಲು ತೆರೆಸಿತು. ಆಮೇಲೆ ಸರ್ಕಾರದ ಸ್ತ್ರೀಶಕ್ತಿ ಬಂತು. ಶ್ರೀನಿವಾಸಪುರದ ಪಕ್ಕದ ನಮ್ಮೂರಿನ ಸಂಘದಲ್ಲಿ ದುಡ್ಡಿನ ಪೆಟ್ಟಿಗೆ ಅಮ್ಮನ ಹತ್ತಿರ, ಲೆಕ್ಕದ ಪುಸ್ತಕ ನನ್ನ ಹತ್ತಿರ. ಮಾವಿಗೆ ರೇಟು ಬಿದ್ದ ವರ್ಷವೂ ಕಂತು ತಪ್ಪಿದ್ದಿಲ್ಲ. ಆದರೆ ಆ ಪುಸ್ತಕಕ್ಕೆ ವೀಸಾ ಯಾರು ಕೊಡಬೇಕು?

ನಮ್ಮನೆಯವರು ದಾರಿ ತೋರಿಸಿದರು. "ನನ್ನ ಕಾರ್ಡಿಗೆ ನಿನ್ನ ಹೆಸರು ಆಥರೈಸ್ಡ್ ಯೂಸರ್ ಅಂತ ಸೇರಿಸ್ತೀನಿ ಕಣೆ. ನೀನು ಒಂದು ಕಾಸು ಖರ್ಚು ಮಾಡದಿದ್ರೂ ಸ್ಕೋರ್ ಬರುತ್ತೆ."

ಫೋನಿನಲ್ಲಿ ಅಮ್ಮನಿಗೆ ಹೇಳಿದೆ. ಬಿಲ್ಲು ಕಟ್ಟೋ ಹೊಣೆ ಯಾರದು ಅಂದಳು. ಕರಾರಿನ ಪ್ರಕಾರ ಅವರದ್ದೇ ಅಂದೆ. "ಹೆಸರು ನಿಂದು, ವ್ಯವಹಾರ ಗಂಡಂದು. ನಮ್ಮ ಪಂಚಾಯ್ತಿ ಮೆಂಬರಮ್ಮ ಇದ್ದಂಗೆ ಅನ್ನು." (ಇಲ್ಲಿಯವರೂ ಏನು ಮೊದಲಿಂದ ಉದ್ಧಾರವಾದವರಲ್ಲ. 1974ರಲ್ಲಿ ಕಾಯ್ದೆ ಬರುವ ತನಕ ಅಮೆರಿಕದ ಹೆಂಗಸರನ್ನೂ ಬ್ಯಾಂಕಿನವರು ಗಂಡನ ಸಹಿ ಎಲ್ಲಮ್ಮಾ ಎಂದು ಕೇಳುತ್ತಿದ್ದರು.)

ಒಂದೆರಡು ತಿಂಗಳಿಗೆ ನನ್ನ ಕ್ರೆಡಿಟ್ ರಿಪೋರ್ಟು ಹುಟ್ಟಿತು. ಹುಟ್ಟುವಾಗಲೇ ಅದಕ್ಕೆ ಗಡ್ಡ ಮೀಸೆ ಬಂದಿತ್ತು. ಕಾರ್ಡಿನ ಹಿಂದಿನ ಕಥೆಯೆಲ್ಲ ಸೇರಿಕೊಂಡವರ ಲೆಕ್ಕಕ್ಕೂ ಬಂದು ಬೀಳುತ್ತದಂತೆ. ಖಾತೆ ತೆರೆದ ವರ್ಷ 2012 ಎಂದಿತ್ತು. ಆಗ ನಾನು ಸೆಕೆಂಡ್ ಪಿಯುಸಿಯಲ್ಲಿ ಅಕೌಂಟೆನ್ಸಿ ಉರು ಹೊಡೆಯುತ್ತಿದ್ದೆ. ಮಾಲೂರಿನಲ್ಲಿ ಇಂಥದೊಂದು ಗಂಡು ಇದೆಯೆಂದು ದಲ್ಲಾಳಿಗೂ ಗೊತ್ತಿರಲಿಲ್ಲ. ಇನ್ನೂ ಕೆಳಗೆ ನೋಡಿದರೆ ಒಂದು ತಿಂಗಳ ಎದುರು ಕೆಂಪು ಗುರುತು, ಕಂತು 30 ದಿನ ತಡ. ನಮ್ಮ ಮದುವೆಗೂ ಮುಂಚಿನ ಸಂಗತಿ. ಕೇಳಿದರೆ, ಮುಳಬಾಗಿಲಿನಲ್ಲಿ ಸೋದರತ್ತೆಯ ಮಗನ ಮದುವೆಗೆ ಹೋದವರು ಕುರುಡುಮಲೆ ಗಣಪತಿಗೆ ಕೈಮುಗಿದು, ದೋಸೆ ತಿಂದು, ಬಿಲ್ಲು ಮರೆತರಂತೆ. ದೋಸೆ ಅವರಿಗೆ, ಗುರುತು ನನಗೆ. ಅದು ಏಳು ವರ್ಷ ಅಳಿಸುವುದಿಲ್ಲ, ಥೇಟ್ ಸಾಡೇಸಾತಿ.

ಕೋಲಾರದಲ್ಲಿರುವ ನಾದಿನಿ ನನ್ನನ್ನು ನೋಡಿ ಗಂಡನ ಕೈಲಿ ಆಡ್-ಆನ್ ಕಾರ್ಡು ಮಾಡಿಸಿಕೊಂಡಳು. ಅಲ್ಲಿ ಅದರ ಲೆಕ್ಕ ಸಾಮಾನ್ಯವಾಗಿ ಮುಖ್ಯ ಕಾರ್ಡಿನವರ ಸಿಬಿಲ್ಲಿಗೇ ಹೋಗುತ್ತದೆ. ಸೀರೆ ಬಂತು, ಅಂಕ ಬರಲಿಲ್ಲ. ಅವಳಿಗೇನೂ ಬೇಜಾರಿಲ್ಲ.

ಬೇಜಾರು ನನ್ನ ಪಾಲಿಗಿತ್ತು. ಕಾರ್ಡಿನ ಮಿತಿಯಲ್ಲಿ ಎಷ್ಟು ಪಾಲು ಬಳಸಿದ್ದೀರೆಂಬುದೂ ಅಂಕಕ್ಕೆ ಸೇರುತ್ತದೆ. ಶೇ. 30 ದಾಟಬೇಡಿ ಎನ್ನುವುದು ಇಲ್ಲಿ ಎಲ್ಲರ ಬಾಯಲ್ಲಿರುವ ಮಾತು. ಮಾವಿನ ಕಾಲಕ್ಕೆ ಊರಿಗೆ ಹೊರಟೆವು ನೋಡಿ, ಬೆಂಗಳೂರಿಗೆ ಟಿಕೆಟ್ಟು, ಮಾವನವರಿಗೆ ಶೇವರ್, ಮೈದುನಂದಿರಿಗೆ ಫೋನು, ಎಲ್ಲ ಆ ಕಾರ್ಡಿನ ಮೇಲೆಯೇ. "ಅಣ್ಣಾ, ಕಪ್ಪು ಬಣ್ಣದ್ದು ಬೇಡ" ಎಂದು ವಾಯ್ಸ್ ಮೆಸೇಜು ಬೇರೆ. ವಿಮಾನ ಮೇಲೇರುವ ಹೊತ್ತಿಗೆ ನನ್ನ ಸ್ಕೋರು ಕೆಳಗಿಳಿದಿತ್ತು.

ವಾಪಸು ಬಂದವಳೇ ನನ್ನ ಹೆಸರಿನದೇ ಕಾರ್ಡು ತೆಗೆದೆ. ಬಿಲ್ಲು ಬಂದ ದಿನವೇ ಕಟ್ಟುವುದು ಸಂಘದಿಂದ ಬಂದ ಚಾಳಿ. ನಮ್ಮನೆಯವರು ಅಷ್ಟರಲ್ಲಿ ಕಾರಿನ ಸಾಲ ಮಾಡಿದ್ದರು. ವರ್ಷ ಕಳೆಯುವಷ್ಟರಲ್ಲಿ ಅವರ ಅಂಕ ನನ್ನದಕ್ಕಿಂತ ಕೆಳಗೆ. ಒಂದು ಭಾನುವಾರ ಅಮ್ಮನ ಜತೆ ಮಾತಾಡುತ್ತಿದ್ದಾಗ ಪಕ್ಕ ಬಂದು ಕೂತು, "ನನ್ನ ಹೆಸರೂ ನಿನ್ನ ಕಾರ್ಡಿಗೆ ಸೇರಿಸ್ಕೊಳ್ಳೇ" ಅಂದರು. ಸ್ಪೀಕರ್ ಹಾಕಿದೆ.

"ಧಾರಾಳವಾಗಿ ಸೇರ್ಕೊಳ್ಳಿ ಅಳಿಯಂದ್ರೇ," ಎಂದಳು ಅಮ್ಮ. "ಮೊದ್ಲು ಆರು ತಿಂಗಳು ವಾರವಾರ ಉಳಿತಾಯ ಕಟ್ಟಿ. ಮೀಟಿಂಗಿಗೆ ಲೇಟಾದ್ರೆ ಹತ್ತು ದಂಡ."

"ಹತ್ತು ಡಾಲರಾ, ರೂಪಾಯಾ ಅತ್ತೆ?" ಅಂದರು ಇವರು.