ಯಜಮಾನನ ನಂಬರು

ದಾವಣಗೆರೆಯ ನಮ್ಮ ಬಾಡಿಗೆ ಮನೆಗೆ ಬ್ರಾಡ್‌ಬ್ಯಾಂಡ್ ಬಂದ ಹೊಸತರಲ್ಲೇ ಹರಿಹರದ ತವರಿನಿಂದ ಹೆಂಡತಿಗೊಂದು ಕಂಪ್ಯೂಟರೂ ಬಂತು, ಜೊತೆಗೆ ಮಾವನವರೂ. ನೆಟ್ಟು ಒಂದು, ಕಂಪ್ಯೂಟರು ಎರಡು. ರೂಟರ್ ತಂದರೆ ಮುಗಿಯುತ್ತಿತ್ತು. ಆದರೆ ಒಂದು ಕಂಪ್ಯೂಟರಿನ ಇಂಟರ್ನೆಟ್ಟನ್ನು ಇನ್ನೊಂದಕ್ಕೆ ಹಂಚುವ ಸವಲತ್ತು ವಿಂಡೋಸ್ 98ರ ಎರಡನೇ ಆವೃತ್ತಿಯಿಂದಲೇ ಪುಕ್ಕಟೆ ಕೂತಿರುವಾಗ ರೂಟರಿಗೆ ದುಡ್ಡು ಸುರಿದರೆ, ಮಂಡಿಪೇಟೆಯ ಊರಿನವನೆಂದು ಹೇಳಿಕೊಳ್ಳುವುದು ಹೇಗೆ? ಇನ್ನೊಂದು ಲ್ಯಾನ್ ಕಾರ್ಡು, ಒಂದು ಕ್ರಾಸ್ ಕೇಬಲ್ಲು ಸಾಕು.

ಕ್ರಾಸ್ ಕೇಬಲ್ಲಿನ ಒಂದು ತುದಿಯಲ್ಲಿ ಕಿತ್ತಳೆ, ಹಸಿರು ಜೋಡಿಗಳು ಅದಲುಬದಲಾಗಬೇಕು. ಆಗಿನ ಕಾರ್ಡುಗಳಿಗೆ ನೇರ ಕೊಟ್ಟರೆ ಗಂಡ ಹೆಂಡತಿ ಒಟ್ಟಿಗೇ ಮಾತಾಡಿದ ಹಾಗೆ: ಬಾಯಿಗೆ ಬಾಯಿ ಸಿಗುತ್ತದೆ, ಕಿವಿ ಸಿಗುವುದಿಲ್ಲ. ಇದನ್ನೆಲ್ಲ ಮಾವನವರಿಗೆ ವಿವರಿಸುತ್ತ, ಪ್ಲೈಯರ್ ಹಿಡಿದು ನೆಲದ ಮೇಲೆ ಕೂತೆ. ಬಿಳಿಕಿತ್ತಳೆ, ಕಿತ್ತಳೆ, ಬಿಳಿಹಸಿರು, ನೀಲಿ, ಬಿಳಿನೀಲಿ, ಹಸಿರು, ಬಿಳಿಕಂದು, ಕಂದು. ಏಳು ಎಳೆಗಳು ಕ್ಲಿಪ್ಪಿನ ಗರ್ಭಗುಡಿ ಹೊಕ್ಕರೆ ಕಂದು ಪ್ರಾಂಗಣದಲ್ಲೇ ನಿಲ್ಲುತ್ತಿತ್ತು. ಅದನ್ನು ಒಳಗೆ ತಳ್ಳಿದರೆ ಏನಾಯಿತೆಂದು ವಿಚಾರಿಸಲು ನೀಲಿ ಹೊರಬರುತ್ತಿತ್ತು. ಕತ್ತರಿಸು, ಮತ್ತೆ ಸುಲಿ. ಪ್ರತಿ ಸಲ ಕೇಬಲ್ಲು ಗಿಡ್ಡವಾಗುತ್ತಿತ್ತು. ಅದಕ್ಕೆ ತಕ್ಕಂತೆ ಹೆಂಡತಿಯ ಕಂಪ್ಯೂಟರು ಮೇಜಿನ ಸಮೇತ ರೂಮಿನಿಂದ ಹೊಸ್ತಿಲಿಗೆ, ಹೊಸ್ತಿಲಿನಿಂದ ಹಾಲಿಗೆ ದಯಮಾಡಿಸುತ್ತಿತ್ತು. ಇನ್ನೊಂದಿಷ್ಟು ಕತ್ತರಿಸಿದ್ದರೆ ನನ್ನ ತೊಡೆಯ ಮೇಲೇ ಕೂರುತ್ತಿತ್ತೇನೋ. ಅಷ್ಟರಲ್ಲಿ ಪಕ್ಕದ ಮನೆಯವರು ಇಣುಕಿ, "ನಮ್ ತಮ್ಮ ಬೆಂಗ್ಳೂರಾಗೆ ವೈರೇ ಇಲ್ದಂಗ್ ಮಾಡ್ಯಾನ್ರಿ" ಎಂದರು. ಇಂಥವರ ತಮ್ಮಂದಿರೆಲ್ಲ ಬೆಂಗಳೂರಲ್ಲೇ ಯಾಕಿರುತ್ತಾರೋ!

"ಕೊಡ್ರಿ ಇಲ್ಲಿ, ಅಳಿಯಂದ್ರೆ."

ಮಾವನವರು ಹರಿಹರದ ಮೈಸೂರು ಕಿರ್ಲೋಸ್ಕರ್‌ನವರು. 1941ರಲ್ಲಿ ಶುರುವಾದ ಆ ಕಾರ್ಖಾನೆಯಲ್ಲಿ ಲೇತು ತಯಾರಿಸುತ್ತ ಕೂದಲೆಳೆಯ ಲೆಕ್ಕದಲ್ಲಿ ಬದುಕಿದವರು. ಕಾರ್ಖಾನೆ ಬಾಗಿಲು ಹಾಕಿದ ಮೇಲೆ ಅವರ ಬೆರಳುಗಳಿಗೆ ಪೇಪರ್ ಮಡಚುವ ಕೆಲಸವಷ್ಟೇ ಉಳಿದಿತ್ತು. ಎಂಟೂ ಎಳೆಗಳನ್ನು ಉಗುರಿನಿಂದ ತೀಡಿ ಸಾಲಾಗಿ ಕೂರಿಸಿದರು, ತುದಿ ಸಮ ಮಾಡಿದರು, ಒಂದೇ ಏಟಿಗೆ ಒಳಗೆ ತೂರಿಸಿ ಒತ್ತಿದರು. ಕಟ್. ಅವರಿಗೆ ಬಾಯಿಗೆ ಕಿವಿ, ಕಿವಿಗೆ ಬಾಯಿ ಎಂದು ಪಾಠ ಹೇಳಿದ್ದೆನಲ್ಲ!

ನೆಟ್ಟು ಬಂತು. ನನ್ನ ಕಂಪ್ಯೂಟರಿಗೆ ವಿಂಡೋಸು 192.168.0.1 ಎಂಬ ವಿಳಾಸ ಕೊಟ್ಟಿತ್ತು. ಹೆಂಡತಿಗೆ ಹಿಂದಿನ ಸಾಲಿನ ಯಾವುದೋ ನಂಬರು. ಈ ಮನೆಯ ಯಜಮಾನ ನಾನೇ ಎಂಬುದಕ್ಕೆ ಮೊದಲ ಲಿಖಿತ ದಾಖಲೆ! ಆದರೆ ನನ್ನ ಕಂಪ್ಯೂಟರು ಆಫ್ ಆದರೆ ಅವಳ ನೆಟ್ಟೂ ಆಫ್. ಹಾಗಾಗಿ, "ರೀ, ಆಫ್ ಮಾಡಬೇಡ್ರಿ, ನಂದಿನ್ನೂ ಐತೆ" ಎಂಬ ಆಜ್ಞೆಗೆ ಯಜಮಾನ ಮಧ್ಯರಾತ್ರಿಯವರೆಗೂ ಕಾವಲು ಕೂತ.

"1224ರಾಗೆ ಗುಡಿ ಕಟ್ಟಿದಾಗಿಂದ ನಮ್ಮೂರಾಗೆ ಒಂದೇ ಮೈಯಾಗೆ ಇಬ್ರು ದೇವ್ರು ಅದಾರೆ" ಎಂದರು ಮಾವ. "ಒಬ್ರನ್ನೊಬ್ರು ಆಫ್ ಮಾಡಿಲ್ಲ."

ಮಾರನೆಯ ದಿನ ಬಸ್ಸಿಗೆ ಹೊರಟವರು ನಿಂತು ಕೇಳಿದರು: "ಈ ವೈರು ಎಷ್ಟು ದೂರ ಎಳೀಬಹುದು?"

"ಒಂದು ತುಂಡು 100 ಮೀಟರ್, ಮಾವ."

"ಹರಿಹರ 14 ಕಿಲೋಮೀಟರ್. ಅಂದ್ರೆ 140 ತುಂಡು, 280 ಕ್ಲಿಪ್ಪು. ನೀವು ವೈರ್ ತರ್ರಿ ಸಾಕು." ಪ್ಲೈಯರ್ ಆಗಲೇ ಅವರ ಚೀಲ ಸೇರಿತ್ತು.