ಚಾನ್ಸ್ ಎಷ್ಟಿದೆ ಮೇಷ್ಟ್ರೇ?

ಪಿಯು ಕಾಲೇಜಿನಲ್ಲಿ ಗಣಿತ ಹೇಳಿ ನಿವೃತ್ತನಾದವನಿಗೆ ಮೇ, ಜೂನ್ ತಿಂಗಳಲ್ಲಿ ಜ್ಯೋತಿಷಿಗಿರುವಷ್ಟೇ ಗಿರಾಕಿ. ಅವರಿಗೆ ದಕ್ಷಿಣೆಯಾದರೂ ಸಿಗುತ್ತದೆ. ನನಗೆ ಸಿಗುವುದು 'ಚಾನ್ಸ್ ಎಷ್ಟಿದೆ ಮೇಷ್ಟ್ರೇ?' ಎಂಬ ಪ್ರಶ್ನೆ, ಉತ್ತರ ಕೊಟ್ಟ ಮೇಲೆ ಒಂದು ಸಪ್ಪೆ ಮುಖ. ಬರುವವರಿಗೆ ಲೆಕ್ಕ ಬೇಕಾಗಿರುವುದಿಲ್ಲ. 'ಸಿಕ್ಕೇ ಸಿಗುತ್ತೆ, ನಿಶ್ಚಿಂತೆಯಾಗಿರಿ' ಅನ್ನಿಸಿಕೊಂಡು ಹೋಗಬೇಕಾಗಿರುತ್ತದೆ.

ಮಾತು ಶುರುವಾಗುವುದು ಯಾವಾಗಲೂ ಪಿಯು ಅಂಕದಿಂದ. 'ಪಿಸಿಎಂನಲ್ಲಿ ಮುನ್ನೂರಕ್ಕೆ 288 ಸಾರ್!' ತಾಯಿಯ ದನಿ ಪಕ್ಕದ ಮನೆಗೂ ಕೇಳಿಸುತ್ತದೆ. ಸಿಇಟಿ? ತಂದೆ ಕೆಮ್ಮುತ್ತಾರೆ. ಹುಡುಗ ಮೊಬೈಲ್ ಕವರಿನ ಮೂಲೆಯನ್ನು ಉಗುರಿನಿಂದ ಕೆರೆಯುತ್ತಾನೆ. 'ಕೀ ಆನ್ಸರ್ ಪ್ರಕಾರ 180ಕ್ಕೆ ತೊಂಬತ್ತು... ಎರಡು ಡೌಟು ಸಾರ್.' ಎಂಜಿನಿಯರಿಂಗ್ ರ‍್ಯಾಂಕಿಗೆ ಇವೆರಡನ್ನೂ ಅರ್ಧರ್ಧ ಹಿಡಿಯುತ್ತಾರೆ. ಪಿಯು ಶೇ. 96, ಸಿಇಟಿ ಶೇ. 50, ಕೂಡಿಸಿ ಭಾಗಿಸಿದರೆ 73. ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದು ತೋರಿಸುತ್ತೇನೆ. ತಾಯಿಯ ಕಣ್ಣು 96ರ ಮೇಲೆಯೇ ಇರುತ್ತದೆ. ಪಿಯುನಲ್ಲಿ 96 ತೆಗೆದವರು ಈಗ ಬೀದಿಗೊಬ್ಬರು. ಅವರನ್ನೆಲ್ಲ ಜರಡಿ ಹಿಡಿಯುವುದು ಒಂದೊಂದು ವಿಷಯಕ್ಕೂ ಎಂಬತ್ತು ನಿಮಿಷ, ಅರವತ್ತು ಪ್ರಶ್ನೆಯ ಆ ಸಿಇಟಿಯೇ. ಅದರಲ್ಲಿ ತಪ್ಪಿಗೆ ಅಂಕ ಕಳೆಯುವುದಿಲ್ಲ. ಆದರೂ 'ಗೊತ್ತಿಲ್ಲದ್ದನ್ನು ಬಿಟ್ಟು ಬಂದೆ ಸಾರ್' ಎನ್ನುವ ಸತ್ಯಸಂಧರು ಆಗಾಗ ಸಿಗುತ್ತಾರೆ. ಅಂಥವರ ಮೇಲೆ ನನಗೆ ಗೌರವ ಹೆಚ್ಚು, ಸೀಟು ಮಾತ್ರ ಕಷ್ಟ.

ಜೆಇಇ ಬರೆದವರ ಕಥೆಯೇ ಬೇರೆ. 'ಮಗನಿಗೆ 97 ಬಂದಿದೆ, ಐಐಟಿ ಬಾಂಬೆ ಆಗುತ್ತಾ?' ಅದು ಅಂಕವಲ್ಲ, ಪರ್ಸೆಂಟೈಲ್. ನೂರಕ್ಕೆ 97 ಮಂದಿ ಅವನ ಹಿಂದಿದ್ದಾರೆ ಎಂಬ ಲೆಕ್ಕ. ಅಪ್ಪ ಹಿಂದಿರುವವರನ್ನು ಕಂಡು ಹಿಗ್ಗುತ್ತಾರೆ, ನಾನು ಮುಂದಿರುವವರನ್ನು ಎಣಿಸುತ್ತೇನೆ. ಕೂತವರು 14 ಲಕ್ಷ ಅಂತ ಇಟ್ಟುಕೊಂಡರೂ ಮುಂದೆ 42 ಸಾವಿರ ಜನ. ಎಲ್ಲ ಐಐಟಿಗಳ ಸೀಟು ಗುಡ್ಡೆ ಹಾಕಿದರೂ 18 ಸಾವಿರದ ಆಸುಪಾಸು. ಅದಕ್ಕೂ ಮೊದಲು ಅಡ್ವಾನ್ಸ್ಡ್ ಎಂಬ ಇನ್ನೊಂದು ಪರೀಕ್ಷೆ ಪಾಸಾಗಬೇಕು. 'ಹೋಗಲಿ, ಧಾರವಾಡ?' ಎಂದು ಅಪ್ಪ ಚೌಕಾಸಿಗೆ ಇಳಿಯುತ್ತಾರೆ. ಅದೂ ಐಐಟಿಯೇ ಸ್ವಾಮಿ, 2016ರಲ್ಲಿ ನಮ್ಮ ರಾಜ್ಯಕ್ಕೆ ಬಂತು ಎಂದ ಮಾತ್ರಕ್ಕೆ ನಮ್ಮವರಿಗೆ ಬೇರೆ ಸಾಲಿಲ್ಲ. ಆ ಅನುಕೂಲ ಇರುವುದು ಸುರತ್ಕಲ್ಲಿನ ಎನ್‌ಐಟಿಯಲ್ಲಿ, ಅಲ್ಲಿ ಅರ್ಧ ಸೀಟು ರಾಜ್ಯದವರಿಗೇ. 'ಅಯ್ಯೋ, ಮಂಗಳೂರು ಕಡೆ ಸೆಕೆ ಸಾರ್!' ಎನ್ನುತ್ತಾರೆ, ಸೀಟು ಆಗಲೇ ಜೇಬಿಗೆ ಬಿದ್ದವರ ಹಾಗೆ.

ನನ್ನ ಪಂಚಾಂಗವೆಂದರೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಹಿಂದಿನ ವರ್ಷದ ಕಟ್‌ಆಫ್ ಪಟ್ಟಿ. ಸಾಸಿವೆ ಕಾಳಿನಷ್ಟು ಅಕ್ಷರ. ಅಡಿಪಟ್ಟಿ ಇಟ್ಟು ಓದದಿದ್ದರೆ ಸಿವಿಲ್‌ನ ರ‍್ಯಾಂಕು ಕಂಪ್ಯೂಟರ್ ಸೈನ್ಸಿಗೆ ಅಂಟಿಕೊಂಡು ಒಂದು ಸಂಸಾರ ಅರ್ಧ ಗಂಟೆ ಸುಖಪಡುತ್ತದೆ. ಮೇಲ್ಸಾಲಿನಲ್ಲಿ ಜಿಎಂ, ಜಿಎಂಕೆ, ಜಿಎಂಆರ್, 2ಎಜಿ, 2ಎಕೆ, 2ಎಆರ್ ಎಂದು ಬೀಜಮಂತ್ರಗಳು. ಕೆ ಅಂದರೆ ಕನ್ನಡ ಮಾಧ್ಯಮ ಎಂದು ವಿವರಿಸಿದೆ. 'ಮನೆಯಲ್ಲಿ ನಾವು ಕನ್ನಡಾನೇ ಮಾತಾಡೋದು ಸಾರ್, ನಡೆಯಲ್ವಾ?' ಎಂದರು ಒಬ್ಬರು. ಮಗ ಓದಿದ್ದು ಎಲ್‌ಕೆಜಿಯಿಂದಲೂ ಕಾನ್ವೆಂಟಿನಲ್ಲಿ. ಆರ್ ಅಂದರೆ ಗ್ರಾಮೀಣ, ಒಂದರಿಂದ ಹತ್ತರವರೆಗೆ ಹಳ್ಳಿಯಲ್ಲೇ ಓದಿರಬೇಕು. ಬಸವನಗುಡಿಯವರೊಬ್ಬರು ತಮ್ಮ ತಾತನ ಊರಿಗೆ ಇಂದಿಗೂ ಬಸ್ಸಿಲ್ಲ ಎಂಬುದನ್ನು ಪುರಾವೆಯಾಗಿ ಮುಂದಿಟ್ಟರು.

ಕೇಳುವುದೆಲ್ಲ ಕಂಪ್ಯೂಟರ್ ಸೈನ್ಸನ್ನೇ. ಬೆಂಗಳೂರಿನ ಯುವಿಸಿಇ 1917ರಲ್ಲಿ ವಿಶ್ವೇಶ್ವರಯ್ಯನವರ ಮುತುವರ್ಜಿಯಿಂದ ಹುಟ್ಟಿದ್ದು, ಅವರು ಸಿವಿಲ್ ಎಂಜಿನಿಯರ್. ಈಗ ಅಲ್ಲಿ ಕಂಪ್ಯೂಟರ್ ಸೈನ್ಸ್ ಬಾಗಿಲು ಹಾಕಿಕೊಂಡ ಎಷ್ಟೋ ಹೊತ್ತಿನ ಮೇಲೂ ಸಿವಿಲ್ ತೆರೆದೇ ಇರುತ್ತದೆ. ಸ್ವತಃ ಸರ್ ಎಂವಿಯವರೇ ಇಂದು ಸಿಇಟಿ ಬರೆದಿದ್ದರೆ ಮನೆಯವರು ಸಿವಿಲ್ ತಗೊಳ್ಳಲು ಬಿಡುತ್ತಿದ್ದರೇ ಎಂಬುದು ನನ್ನ ಅನುಮಾನ.

ಇಷ್ಟಾದರೂ ಹುಡುಗರಿಗೆ ತಮ್ಮ ಚಾನ್ಸು ನನಗಿಂತ ಚೆನ್ನಾಗಿ ಗೊತ್ತಿರುತ್ತದೆ. ಕೀ ಆನ್ಸರ್ ಬಂದ ಸಂಜೆಯೇ ಕೂಡಿಸಿ ನೋಡಿರುತ್ತಾರೆ. ಅಪ್ಪ ಕೇಳಿದ್ದಕ್ಕೆ ಆರೇಳು ಅಂಕ ಸೇರಿಸಿ ಹೇಳಿರುತ್ತಾರೆ, ಅಷ್ಟೆ. ಅಪ್ಪ ನನ್ನ ಹತ್ತಿರ ಇನ್ನಷ್ಟು ಸೇರಿಸುತ್ತಾರೆ. ಇಬ್ಬರ ತೆರಿಗೆಯನ್ನೂ ಕಳೆದು ಲೆಕ್ಕ ಹಾಕುವುದು ನನ್ನ ಕೆಲಸ.

ಕಾಲೇಜು, ಕೋರ್ಸು ಆರಿಸುವ ಆಪ್ಷನ್ ಎಂಟ್ರಿಯಲ್ಲಿ ಮಾತ್ರ ಚಾನ್ಸಿನ ಯೋಚನೆ ಬಿಡಿ. ಮಗುವಿಗೆ ಬೇಕಾದದ್ದನ್ನು ಮೇಲೆ ಹಾಕಿ, ಸಿಗಬಹುದಾದದ್ದನ್ನು ಕೆಳಗೆ ಧಾರಾಳವಾಗಿ ತುಂಬಿ. ಕಂಪ್ಯೂಟರು ಮೇಲಿನಿಂದ ನೋಡಿಕೊಂಡು ಬರುತ್ತದೆ, ಆಸೆಪಟ್ಟಿದ್ದಕ್ಕೆ ರ‍್ಯಾಂಕು ಇಳಿಸುವುದಿಲ್ಲ. ಆಮೇಲೂ ನನ್ನ ಮನೆಗೆ ಬರುವುದಿದ್ದರೆ ಅಂಕಪಟ್ಟಿ ತನ್ನಿ, ಹುಡುಗನನ್ನೂ ಕರೆತನ್ನಿ. ಪಕ್ಕದ ಮನೆಯವರ ಮಗಳ ರ‍್ಯಾಂಕು ತರುವುದು ಬೇಡ. ಅವರು ನಿಮಗಿಂತ ಮುಂಚೆಯೇ ಬಂದು ಕಾಫಿ ಕುಡಿದು ಹೋಗಿರುತ್ತಾರೆ.