ಒಟಿಪಿ ಮೀಮಾಂಸೆ: ದಾವಣಗೆರೆ ಶಾಖೆ, ಹರಿಹರ ಪಾಠ

ಪೀಠಿಕೆ

ಶಾಸ್ತ್ರಗ್ರಂಥ ಬರೆಯುವವನು ಮೊದಲಿಗೆ ನಾಲ್ಕು ಸಂಗತಿ ಹೇಳಲೇಬೇಕೆಂಬುದು ಹಿರಿಯರ ಕಟ್ಟಳೆ: ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ. ಈ ಗ್ರಂಥದ ವಿಷಯ, ಒಬ್ಬನ ಹೆಸರು, ನಂಬರು, ಬೆರಳಚ್ಚು ಇನ್ನೊಬ್ಬನ ಕೈಸೇರಿ ದುಡ್ಡು ಮಂಗಮಾಯವಾಗುವ ಬಗೆ. ಪ್ರಯೋಜನ, ಇದ್ದ ದುಡ್ಡು ಇದ್ದಲ್ಲೇ ಇರುವುದು. ಅದು ದುಪ್ಪಟ್ಟಾಗುತ್ತದೆಂದು ಗ್ರಂಥಕಾರ ಮಾತು ಕೊಡುವುದಿಲ್ಲ. ಹಾಗೆ ಮಾತು ಕೊಡುವವರನ್ನು ಖಂಡಿಸಲಿಕ್ಕೇ ಈ ಗ್ರಂಥ ಹುಟ್ಟಿದೆ. ಸಂಬಂಧವೆಂದರೆ ವಂಚಕನಿಗೂ ವಂಚಿತನಿಗೂ ಇರುವಂಥದು. ಅದು 'ಸಾರ್, ನಿಮ್ಮ ಕೆವೈಸಿ ಅಪ್‌ಡೇಟ್ ಆಗಿಲ್ಲ' ಎಂಬಲ್ಲಿ ಶುರುವಾಗಿ ಬ್ಯಾಲೆನ್ಸು ಸೊನ್ನೆಯಾದಲ್ಲಿಗೆ ಮುಗಿಯುತ್ತದೆ. ಇನ್ನು ಅಧಿಕಾರಿ, ಅಂದರೆ ಇದನ್ನು ಓದಲು ಅರ್ಹನಾದವನು ಯಾರು? 'ನನಗ್ಯಾರು ಟೋಪಿ ಹಾಕ್ತಾರ್ರೀ' ಎಂದು ಎದೆ ತಟ್ಟಿಕೊಳ್ಳುವವನು. ಅನುಮಾನದ ಪ್ರಾಣಿಗಳಿಗೆ ಇದನ್ನು ಓದುವ ಅಗತ್ಯವಿಲ್ಲ.

ಮೊದಲ ಸೂತ್ರ: ಮಾದರಿ ಸದಾ ಅಸಲಿ

ಭಾಷ್ಯ: ಫೋನಿನಲ್ಲಿ ನಾಮ ಹಾಕುವ ವಿದ್ಯೆ ನಿನ್ನೆ ಮೊನ್ನೆಯದೆಂದು ಕೆಲವರ ವಾದ. ಅದು ಸಲ್ಲದು. ಒಟಿಪಿ ಹುಟ್ಟುವ ಮೊದಲೇ ದಾವಣಗೆರೆ ಸೀಮೆಯಲ್ಲಿ ನಕಲಿ ಬಂಗಾರದ ಸಂಪ್ರದಾಯ ಬೇರೂರಿತ್ತು. ಇಲ್ಲಿನ ಪೊಲೀಸ್ ಠಾಣೆಗಳಿಗೆ ಆ ಕೇಸು ಹಳೇ ಪರಿಚಯ. ದೂರದ ಜಿಲ್ಲೆಯ ಒಬ್ಬರಿಗೆ ಕರೆ ಹೋಗುತ್ತದೆ: 'ಮನೆ ಪಾಯ ತೋಡುವಾಗ ಬಂಗಾರದ ನಾಣ್ಯ ಸಿಕ್ಕಾವು ಸಾರ್. ನಮ್ಮಂಥ ಬಡವರು ಅಂಗಡಿಗೆ ಒಯ್ದ್ರೆ ಹಿಡಕಂಡು ಒಳಗ್ ಹಾಕ್ತಾರೆ. ನೀವು ನಂಬಿಗಸ್ಥರು.' ಆ ನಂಬಿಗಸ್ಥರು ಬಂದು ಒಂದು ನಾಣ್ಯ ಒಯ್ಯುತ್ತಾರೆ. ತಮ್ಮೂರ ಅಕ್ಕಸಾಲಿಗರಿಂದ ಒರೆಗೆ ಹಚ್ಚಿಸುತ್ತಾರೆ. ಅಪ್ಪಟ ಚಿನ್ನ! ಮುಂದಿನ ಸಲ ಲಕ್ಷಗಟ್ಟಲೆ ನಗದು ಹಿಡಿದು ಬಂದು ಗಂಟು ಹೊತ್ತುಕೊಂಡು ಹೋಗುತ್ತಾರೆ. ಗಂಟು ಬಿಚ್ಚಿದರೆ ಹಿತ್ತಾಳೆ.

ಇಲ್ಲಿ ಸೂಕ್ಷ್ಮವೊಂದಿದೆ. ಅಕ್ಕಸಾಲಿಗ ತಪ್ಪು ಹೇಳಲಿಲ್ಲ, ಒರೆಗಲ್ಲೂ ಸುಳ್ಳಾಡಲಿಲ್ಲ. ಪರೀಕ್ಷೆಯಾದದ್ದು ಒಂದು ನಾಣ್ಯ, ಕೊಂಡದ್ದು ಒಂದು ಗಂಟು. ಇದೇ ವಿದ್ಯೆ ಈಗ ಟೆಲಿಗ್ರಾಂಗೆ ವಲಸೆ ಹೋಗಿದೆ. ಹೋಟೆಲಿಗೆ ಐದು ಸ್ಟಾರ್ ಕೊಡಿ, ನೂರೈವತ್ತು ರೂಪಾಯಿ ತಗೊಳ್ಳಿ ಎನ್ನುತ್ತಾರೆ. ನೂರೈವತ್ತು ಖಾತೆಗೆ ಬಂದೇ ಬರುತ್ತದೆ. ಅದು ಪಾಯದಲ್ಲಿ ಸಿಕ್ಕ ಮೊದಲ ನಾಣ್ಯ. ಷೇರು ಆ್ಯಪಿನಲ್ಲಿ ಲಾಭ ಏರುವುದನ್ನು ತೋರಿಸಿ, ಒಂದೆರಡು ಸಾವಿರ ಹಿಂದಕ್ಕೆ ತೆಗೆಯಲು ಬಿಡುವುದೂ ಇದೇ. ಪಾಯ ಬದಲಾಗಿದೆ, ತೋಡುವ ಕ್ರಮ ಬದಲಾಗಿಲ್ಲ.

ಎರಡನೇ ಸೂತ್ರ: ಪಿನ್ ಹರಿ, ಒಟಿಪಿ ಹರ, ಇಬ್ಬರನ್ನೂ ಒಬ್ಬನ ಕೈಗೆ ಕೊಡಬಾರದು

ಭಾಷ್ಯ: ದಾವಣಗೆರೆಯಿಂದ ಹದಿನೈದು ಕಿಲೋಮೀಟರು ಹೋದರೆ ತುಂಗಭದ್ರೆಯ ದಂಡೆಯ ಹರಿಹರ. ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕ ಪೊಲಾಳ್ವ 1224ರ ಸುಮಾರಿಗೆ ಕಟ್ಟಿಸಿದ ಹರಿಹರೇಶ್ವರ ದೇವಾಲಯದ ಮೂರ್ತಿಯಲ್ಲಿ ಅರ್ಧ ಹರಿ, ಅರ್ಧ ಹರ. ಸ್ಥಳಪುರಾಣದ ಪ್ರಕಾರ, ಗುಹಾಸುರನೆಂಬ ರಕ್ಕಸ ಹರಿಯಿಂದಲೂ ಹರನಿಂದಲೂ ಸಾವು ಬರಬಾರದೆಂದು ಬ್ರಹ್ಮನಿಂದ ವರ ಪಡೆದಿದ್ದ. ಇಬ್ಬರೂ ಒಂದೇ ಮೈಯಾಗಿ ಬಂದು ಅವನನ್ನು ಮುಗಿಸಬೇಕಾಯಿತು. ಎರಡು ಹಂತದ ದೃಢೀಕರಣವನ್ನು ಕಂಡುಹಿಡಿದವರು ಕ್ಯಾಲಿಫೋರ್ನಿಯಾದವರೆಂಬ ವದಂತಿ ಇಲ್ಲಿಗೆ ನಿರಸ್ತ.

ಗುಹಾಸುರನ ಲೆಕ್ಕಾಚಾರವೇ ಇಂದು ಬ್ಯಾಂಕಿನದೂ ಆಗಿದೆ: ಕಳ್ಳನಿಗೆ ಒಂದು ಸಿಕ್ಕೀತು, ಎರಡೂ ಒಟ್ಟಿಗೆ ಸಿಗಲಾರವು. ರಕ್ಕಸನ ಲೆಕ್ಕ ತಪ್ಪಿಸಲು ದೇವರೇ ಇಳಿದು ಬರಬೇಕಾಯಿತು. ಬ್ಯಾಂಕಿನ ಲೆಕ್ಕ ತಪ್ಪಿಸಲು ಖಾತೆದಾರನೊಬ್ಬನೇ ಸಾಕು. ಕನ್ನಡಕ ಏರಿಸಿಕೊಂಡು, ಆರಂಕಿಯನ್ನು ಒಂದೊಂದಾಗಿ, ತಪ್ಪಾಗದ ಹಾಗೆ, ಎರಡು ಸಲ ಓದಿ ಹೇಳುತ್ತಾನೆ. ದುಡ್ಡು ಬರಬೇಕಾದರೆ ಪಿನ್ ಒತ್ತಬೇಕಿಲ್ಲ, ಹೋಗಬೇಕಾದರೆ ಒತ್ತಬೇಕು. ಆದರೂ 'ಗೃಹಲಕ್ಷ್ಮಿ ದುಡ್ಡು ಬರುತ್ತೆ, ಪಿನ್ ಹಾಕಿ' ಎಂದರೆ ಹಾಕುವವರಿದ್ದಾರೆ.

ಉಪಸೂತ್ರ ಒಂದು: ಬಾಯಿಬಿಟ್ಟು ಹೇಳದೆಯೂ ಕೊಡಬಹುದು. ಕೆಎ-17 ಗಾಡಿಗೆ ದಂಡ ಬಿದ್ದಿದೆಯೆಂದೋ, ಮದುವೆಗೆ ತಪ್ಪದೆ ಬನ್ನಿ ಎಂದೋ ವಾಟ್ಸ್‌ಆ್ಯಪಿಗೆ ಬರುವ ಎಪಿಕೆ ಫೈಲು ಒತ್ತಿ ಆ್ಯಪ್ ಹಾಕಿಕೊಂಡರೆ, ಒಟಿಪಿ ಮೆಸೇಜನ್ನು ಅದೇ ಓದಿಕೊಳ್ಳುತ್ತದೆ. ಮದುವೆ ಕಾಗದ ಫೋಟೋ ಆಗಿ ಬರುತ್ತದೆ, ಪಿಡಿಎಫ್ ಆಗಿ ಬರುತ್ತದೆ. ಎಪಿಕೆ ಆಗಿ ಬಂದರೆ ಅಲ್ಲಿ ಊಟ ಹಾಕಿಸಬೇಕಾದವರು ನೀವೇ.

ಉಪಸೂತ್ರ ಎರಡು: ಬೆರಳೂ ಕೈಕೊಡುತ್ತದೆ. 2023ರಲ್ಲಿ ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲಿದ್ದ ಪತ್ರಗಳಿಂದ ಹೆಬ್ಬೆಟ್ಟಿನ ಗುರುತು ಎತ್ತಿ, ಆಧಾರ್ ಆಧಾರಿತ ಪಾವತಿ ವ್ಯವಸ್ಥೆಯಲ್ಲಿ ಹಣ ತೆಗೆದ ಪ್ರಕರಣಗಳು ಬಯಲಾದವು. ಅಲ್ಲಿ ಹರನ ಮಾತೇ ಇರಲಿಲ್ಲ, ಒಟಿಪಿ ಬೇಕಾಗಲೇ ಇಲ್ಲ. ಪಿನ್ ಬದಲಿಸಬಹುದು, ಹೆಬ್ಬೆರಳು ಬದಲಿಸಲಾಗದು. ಆದ್ದರಿಂದ ಆಧಾರ್ ಆ್ಯಪಿನಲ್ಲಿ ಬಯೊಮೆಟ್ರಿಕ್ ಲಾಕ್ ಮಾಡಿಟ್ಟು, ಬೇಕಾದಾಗ ಮಾತ್ರ ತೆರೆಯುವುದು ಶಾಸ್ತ್ರಸಮ್ಮತ. ಜೆರಾಕ್ಸ್ ಕೊಡುವಾಗ ಕೊನೆಯ ನಾಲ್ಕಂಕಿ ಮಾತ್ರ ಕಾಣುವ ಮರೆಮಾಚಿದ ಆಧಾರ್ ಕೊಡುವುದೂ ಹಾಗೆಯೇ.

ಮೂರನೇ ಸೂತ್ರ: ಬಂದ ಪುರಾವೆ ಪುರಾವೆಯಲ್ಲ, ಹೋಗಿ ತಂದದ್ದೇ ಪುರಾವೆ

ಭಾಷ್ಯ: ಪ್ರತ್ಯಕ್ಷ ದೊಡ್ಡದೋ ಶಬ್ದ ದೊಡ್ಡದೋ ಎಂದು ದಾರ್ಶನಿಕರು ಶತಮಾನಗಟ್ಟಲೆ ಜಗಳವಾಡಿದರು. ತೀರ್ಪು ಹೊರಬಿದ್ದದ್ದು ದಾವಣಗೆರೆಯ ಒಂದು ಬೆಣ್ಣೆದೋಸೆ ಹೋಟೆಲಿನ ಗಲ್ಲಾಪೆಟ್ಟಿಗೆ ಮುಂದೆ. ಸೌದೆ ಒಲೆಯ ಹೊಗೆ, ಕಾವಲಿಯ ಮೇಲೆ ಬೆಣ್ಣೆಯ ಚುರ್ ಸದ್ದು, ಪಾರ್ಸೆಲಿಗೆ ಕಾದು ನಿಂತ ಹುಡುಗ. ಹಸಿರು ಟಿಕ್ ಇರುವ ಫೋನನ್ನು ಆತ ಗಲ್ಲಾದವರ ಮೂಗಿನ ಮುಂದೆ ಹಿಡಿದ. ಅವರು ಅತ್ತ ಕಣ್ಣೆತ್ತಿಯೂ ನೋಡಲಿಲ್ಲ, ದುಡ್ಡು ಬಂದರೆ ಕೂಗಿ ಹೇಳುವ ಡಬ್ಬಿಯತ್ತ ಕಿವಿಯಿಟ್ಟಿದ್ದರು.

'ಡಬ್ಬಿ ಒದರ್ಲಿಲ್ವಲ್ಲಪ್ಪ.'

'ಸರ್ವರ್ ಬ್ಯುಸಿ ಇರ್ಬೇಕು ಅಣ್ಣ. ನೋಡ್ರಿ ಇಲ್ಲಿ, ಟಿಕ್ ಬಂದೈತಿ.'

'ಟಿಕ್ ನಿನ್ನ ಫೋನಿನಾಗೈತಿ, ರೊಕ್ಕ ನನ್ನ ಡಬ್ಬಿಯಾಗೆ ಒದರ್ಬೇಕು. ಕುಂದ್ರು. ದೋಸೆ ಆರಿದ್ರೆ ಬಿಸೀದು ಹಾಕಿಸ್ತೀನಿ.'

ಹುಡುಗ ಒಡ್ಡಿದ್ದು ಪ್ರತ್ಯಕ್ಷ, ಗಲ್ಲಾದವರು ಕೇಳಿದ್ದು ಶಬ್ದ. ಅದೂ ಯಾರದೋ ಶಬ್ದವಲ್ಲ, ತಮ್ಮದೇ ಡಬ್ಬಿಯ ಆಪ್ತವಾಕ್ಯ. ಬೆಳಿಗ್ಗೆ ಕದ ತೆಗೆದೊಡನೆ ಊದುಬತ್ತಿ ಹಚ್ಚಿ, ಕ್ಯೂಆರ್ ಚೀಟಿಯ ಅಂಚನ್ನು ಉಗುರಿನಿಂದ ಕೆರೆದು, ಮೇಲೆ ಇನ್ನೊಂದು ಅಂಟಿಸಿಲ್ಲ ತಾನೇ ಎಂದು ನೋಡುವುದೂ ಅವರ ನಿತ್ಯಕರ್ಮ. ಅವರು ಹುಡುಗನನ್ನು ಕಳ್ಳನೆನ್ನಲಿಲ್ಲ, ದಬಾಯಿಸಲಿಲ್ಲ, ಕೂರಿಸಿದರು. ಅವಸರ ಹುಡುಗನದಾಗಿತ್ತು, ಅದನ್ನು ತಮ್ಮದಾಗಿಸಿಕೊಳ್ಳಲಿಲ್ಲ. ಈ ಶಾಸ್ತ್ರದ ಸಾರವೆಲ್ಲ ಇಷ್ಟೇ.

ಪೂರ್ವಪಕ್ಷ: ಓದಿದವರು ಮೋಸಹೋಗುವುದಿಲ್ಲವಷ್ಟೆ? ಸಮಾಧಾನ: ಮಂಡಿಪೇಟೆಯ ವ್ಯಾಪಾರಿ ಮೂಟೆಗೆ ಕೈಹಾಕಿ ನೋಡದೆ ದರ ಹೇಳುವುದಿಲ್ಲ. ನಿವೃತ್ತ ಅಧಿಕಾರಿಯೋ ಲೆಟರ್‌ಹೆಡ್ಡು, ಮೊಹರು, ಸೆಕ್ಷನ್ ನಂಬರು ಕಂಡರೆ ಕೂತಲ್ಲಿಂದ ಎದ್ದು ನಿಲ್ಲುತ್ತಾರೆ. 'ಡಿಜಿಟಲ್ ಅರೆಸ್ಟ್' ಮಾಡುವವರಿಗೆ ಬೇಕಾದದ್ದು ಈ ಶಿಸ್ತೇ. ವಿಡಿಯೋದಲ್ಲಿ ಕಾಣುವ ಖಾಕಿ, ಆ ಹುಡುಗನ ಹಸಿರು ಟಿಕ್ಕಿಗೆ ಸಮಾನ. ವಿಡಿಯೋ ಕರೆಯಲ್ಲಿ ಬಂಧಿಸುವ ಕಾನೂನು ಈ ದೇಶದಲ್ಲಿಲ್ಲ. 2024ರ ಅಕ್ಟೋಬರ್ 27ರ ಮನ್ ಕಿ ಬಾತ್‌ನಲ್ಲಿ ಪ್ರಧಾನಿ ಕೇಳಿಸಿದ್ದು ವಿಜಯಪುರದವರೊಬ್ಬರಿಗೆ ಬಂದ ಇಂಥದೇ ಕರೆಯನ್ನು. ನಿಲ್ಲಿ, ಯೋಚಿಸಿ, ಆಮೇಲೆ ಹೆಜ್ಜೆಯಿಡಿ ಎಂಬುದು ಅಂದಿನ ಉಪದೇಶ. ಗಲ್ಲಾದವರು ಅದನ್ನೇ 'ಕುಂದ್ರು' ಎಂಬ ಒಂದೇ ಮಾತಿನಲ್ಲಿ ಮುಗಿಸಿದ್ದರು. ಬ್ಯಾಂಕಿನಿಂದ ಎಂದು ಕರೆ ಬಂದರೆ ಇಟ್ಟುಬಿಟ್ಟು, ಕಾರ್ಡಿನ ಹಿಂದಿರುವ ನಂಬರಿಗೆ ನೀವೇ ಮಾಡಿ. ಪೊಲೀಸರೆಂದರೆ ಠಾಣೆಗೇ ಹೋಗಿ.

ನಾಲ್ಕನೇ ಸೂತ್ರ: 'ಯಾರಿಗೂ ಹೇಳಬೇಡಿ' ಎಂದರೆ ಮೊದಲು ಮನೆಯವರಿಗೆ ಹೇಳತಕ್ಕದ್ದು

ಭಾಷ್ಯ: ಅಡುಗೆಮನೆಯಿಂದ 'ಯಾರ್ರೀ ಅದು, ಅರ್ಧ ಗಂಟೆಯಿಂದ?' ಎಂಬ ಒಂದು ಪ್ರಶ್ನೆಗೆ ಉರುಳದ ವಂಚನೆ ವಿರಳ. ಆದ್ದರಿಂದಲೇ ಕೋಣೆಯ ಬಾಗಿಲು ಹಾಕಿಕೊಳ್ಳಿ ಎಂದು ವಂಚಕರು ಮೊದಲೇ ಅಪ್ಪಣೆ ಕೊಡಿಸುತ್ತಾರೆ.

ಪ್ರಾಯಶ್ಚಿತ್ತ ಪ್ರಕರಣ

ದುಡ್ಡು ಹೋದ ಮೇಲೆ? ಅಳುವುದನ್ನು ಸಂಜೆಗಿಟ್ಟುಕೊಂಡು ಮೊದಲು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು, ಬ್ಯಾಂಕಿಗೆ ತಿಳಿಸಬೇಕು. ಹಣ ಖಾತೆಯಿಂದ ಖಾತೆಗೆ ಹಾರುತ್ತಿರುತ್ತದೆ, ಮೊದಲ ಗಂಟೆಯಲ್ಲಿ ಹೇಳಿದರೆ ಎಲ್ಲಾದರೂ ತಡೆಹಿಡಿಯುವ ಆಸೆಯಿದೆ. ಆಮೇಲೆ ಜಿಲ್ಲೆಯ ಸಿಇಎನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧ) ಠಾಣೆ. ರಿಸರ್ವ್ ಬ್ಯಾಂಕಿನ 2017ರ ಜುಲೈ 6ರ ಸುತ್ತೋಲೆಯ ಚೌಕಟ್ಟಿನಂತೆ, ಬ್ಯಾಂಕಿನದೂ ಗ್ರಾಹಕನದೂ ತಪ್ಪಿಲ್ಲದೆ ಮೂರನೆಯವರಿಂದಾದ ವಂಚನೆಯನ್ನು 3 ಕೆಲಸದ ದಿನಗಳೊಳಗೆ ತಿಳಿಸಿದರೆ ಗ್ರಾಹಕನಿಗೆ ನಷ್ಟವಿಲ್ಲ. ತಾನೇ ಒಟಿಪಿ ಓದಿ ಹೇಳಿದ್ದರೆ, ಬ್ಯಾಂಕಿಗೆ ತಿಳಿಸುವ ತನಕ ಹೋದದ್ದೆಲ್ಲ ಅವನ ಪಾಲಿಗೆ. ಹರಿಹರರನ್ನು ತಾನೇ ಕೂಡಿಸಿದವನಿಗೆ ರಿಸರ್ವ್ ಬ್ಯಾಂಕೂ ವರ ಕೊಡದು.

ಕಳ್ಳನಿಗೇನು ಶಿಕ್ಷೆ? ಕನ್ನಡನಾಡಿನ ದಾನಶಾಸನಗಳ ಕೊನೆಯ ಶಾಪಾಶಯದಂತೆ, ಕೊಟ್ಟ ಭೂಮಿ ಕಿತ್ತುಕೊಂಡವನು 60,000 ವರ್ಷ ಅಮೇಧ್ಯದಲ್ಲಿ ಹುಳುವಾಗಿ ಬಿದ್ದಿರಬೇಕು. ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಸಿ ಕಲಮಿನಂತೆ, ಪರರ ಗುರುತು ಕದ್ದವನಿಗೆ 3 ವರ್ಷದವರೆಗೆ ಸೆರೆ, 1 ಲಕ್ಷದವರೆಗೆ ದಂಡ. ಕಳ್ಳತನ ದುಬಾರಿಯಾಗಿರುವ ಈ ಕಾಲದಲ್ಲಿ ಶಿಕ್ಷೆಯೊಂದು ಮಾತ್ರ ಇಷ್ಟು ಅಗ್ಗವಾದದ್ದು ಹೇಗೆಂಬುದನ್ನು ಅರ್ಥಶಾಸ್ತ್ರಜ್ಞರಿಗೆ ಬಿಡಲಾಗಿದೆ.

ಫಲಶ್ರುತಿ

ಈ ಗ್ರಂಥವನ್ನು ಮೂರು ಸಂಜೆ ಓದಿದವರಿಗೆ ಯಾವ ಫಲವೂ ಇಲ್ಲ. ಹತ್ತು ಜನಕ್ಕೆ ಫಾರ್ವರ್ಡ್ ಮಾಡಿದವರಿಗೆ ಶುಭಸುದ್ದಿ ಬರುವುದಿಲ್ಲ, ಮಾಡದವರಿಗೆ ಕೇಡೂ ಇಲ್ಲ. 'ಫಲವುಂಟು, ಖಾತೆ ನಂಬರು ಕಳಿಸಿ' ಎಂದು ಗ್ರಂಥಕಾರನ ಹೆಸರಿನಲ್ಲಿ ಯಾರಾದರೂ ಕರೆ ಮಾಡಿದರೆ, 1930.